ಬಟ್ಟೆಗೊಂದು ಕೋಣೆ

ಅರವತ್ತು ತುಂಬಿದವರಿಗೆ ಷಷ್ಟ್ಯಬ್ದಿ ಶಾಂತಿಯನ್ನು ಮಾಡಿಸುವುದು ನಮ್ಮಲ್ಲಿ ವಾಡಿಕೆ. ನನಗೂ ಎರಡು ವರ್ಷಗಳ ಹಿಂದೆ ಕಾರ್ತಿಕ ಮಾಸದಲ್ಲಿ ಅದು ನೆರವೇರಿತು. ಅದರ ವೈಭವವನ್ನು ವರ್ಣಿಸುವುದು ಈ ಲೇಖನದ ಉದ್ದೇಶವಲ್ಲ. ಆ ನಿಮಿತ್ತವಾಗಿ ಬೆಂಗಳೂರಿನಿಂದ ಚಿಕ್ಕಜಾಜೂರಿಗೆ ಬಂದಿದ್ದ ಮಗನೂ ಸೊಸೆಯೂ ಹಿಂದಿರುಗುವ ಮುನ್ನ ಆಡಿದ ಒಂದು ಮಾತಿನಿಂದ ನಮ್ಮ ಮನೆಯಲ್ಲಿ ಒಂದು ಗೋಡೆ ಒಡೆಯಿತು, ಒಂದು ಕೋಣೆಯ ಹೆಸರು ಬದಲಾಯಿತು, ನನ್ನ ಗರ್ವವೂ ತಕ್ಕಮಟ್ಟಿಗೆ ಇಳಿಯಿತು. ಗೃಹಸ್ಥರಾದ ವಾಚಕರಲ್ಲಿ ಯಾರಿಗಾದರೂ ಈ ವೃತ್ತಾಂತವು ಪ್ರಯೋಜನಕ್ಕೆ ಬಂದೀತೆಂದು ಬರೆಯುತ್ತಿದ್ದೇನೆ.

“ಮಾವ, ಮಾಸ್ಟರ್ ಬೆಡ್‌ರೂಮಿಗೆ ಸೇರಿದ ಹಾಗೆ ಒಂದು ವಾಕ್-ಇನ್ ವಾರ್ಡ್‌ರೋಬ್ ಮಾಡಿಸಿಬಿಡಿ” ಎಂದಳು ಸೊಸೆ.

ಮೂವತ್ತು ವರ್ಷಕ್ಕೂ ಹೆಚ್ಚುಕಾಲ ಹೈಸ್ಕೂಲಿನಲ್ಲಿ ಸಂಸ್ಕೃತವನ್ನು ಕಲಿಸಿ, ಊರಿನವರಿಂದ ಮೇಷ್ಟ್ರೆಂದೇ ಕರೆಸಿಕೊಂಡ ನಾನು, ಅದು ಮೇಷ್ಟ್ರು ಮಲಗುವ ಕೋಣೆಯೆಂದೇ ತಿಳಿದು “ಹೌದಮ್ಮ, ನನ್ನದೇ ಕೋಣೆ” ಎಂದೆನು. ಎಲ್ಲರೂ ನಕ್ಕರು. ಮನೆಯ ಮುಖ್ಯ ಶಯನಗೃಹಕ್ಕೆ ಹಾಗೆನ್ನುವರೆಂದೂ, ಒಳಗೆ ಕಾಲಿಟ್ಟು ನಿಂತು ಬಟ್ಟೆ ಆರಿಸಿಕೊಳ್ಳುವಷ್ಟು ದೊಡ್ಡದಾದ ಉಡುಪಿನ ಕೋಣೆಗೆ ಎರಡನೆಯ ಹೆಸರೆಂದೂ ಮಗನು ವಿವರಿಸಿ, ತನ್ನ ಫೋನಿನಲ್ಲಿ ಚಿತ್ರಗಳನ್ನು ತೋರಿಸಿದನು. ಅರಮನೆಯೊಂದರಲ್ಲಿ ಇರಬಹುದಾದ ದೀಪಗಳು, ಗಾಜಿನ ಬಾಗಿಲುಗಳು, ನಡುವೆ ಕುಳಿತುಕೊಳ್ಳಲು ಒಂದು ಮೆತ್ತನೆಯ ಪೀಠ! ಪಂಚೆ ಉಡುವುದಕ್ಕೆ ಪೀಠವೇತಕ್ಕೆ? ನನಗೆ ನಗು ಬಂದಿತು. ಸ್ವಲ್ಪ ಸಿಟ್ಟೂ ಬಂದಿತು.

ನಾನು ಹುಟ್ಟಿ ಬೆಳೆದ ಈ ಮನೆಯಲ್ಲಿ ಬಟ್ಟೆಗೆಂದು ಇದ್ದುದು ಮೂರೇ ಸ್ಥಾನ. ಗೋಡೆಯಲ್ಲಿ ಗೂಟ, ಸೂರಿನಿಂದ ಹಗ್ಗ ಕಟ್ಟಿ ಇಳಿಬಿಟ್ಟ ಬಿದಿರಿನ ಗಳ, ಅಟ್ಟದ ಮೇಲೆ ಒಂದು ಟ್ರಂಕು. ಗಳದ ಮೇಲಿದ್ದುದು ತಾಯಿಯವರ ಮಡಿಬಟ್ಟೆ. ಅದನ್ನು ಕೋಲಿನಿಂದಲೇ ಏರಿಸಬೇಕು, ಕೋಲಿನಿಂದಲೇ ಇಳಿಸಬೇಕು, ಮಕ್ಕಳು ಅದರ ನೆರಳಿನಲ್ಲಿ ನಿಲ್ಲುವುದೂ ಅಪರಾಧ. ನಮ್ಮದು ಜಂಕ್ಷನ್ ಊರು. ಉಗಿಬಂಡಿಗಳ ಕಾಲದಲ್ಲಿ ಚಿತ್ರದುರ್ಗದ ಕಡೆಗೆ ಹೋಗುವ ಗಾಡಿಯೂ ಹುಬ್ಬಳ್ಳಿಯ ಗಾಡಿಯೂ ಸ್ಟೇಷನ್ನಿನಲ್ಲಿ ಕೂಡಿ ನಿಂತರೆ, ಗಾಳಿ ಬೀಸಿದ ಕಡೆಗೆ ಕಲ್ಲಿದ್ದಲಿನ ಮಸಿ ಹಾರಿಬರುತ್ತಿದ್ದಿತು. ಆದಕಾರಣ ತಾಯಿಯವರು ಮಡಿಯನ್ನು ಅಂಗಳದಲ್ಲಿ ಒಣಹಾಕಿದವರೇ ಅಲ್ಲ. 1990ರ ದಶಕದಲ್ಲಿ ಮೀಟರ್ ಗೇಜು ಹೋಗಿ ಬ್ರಾಡ್ ಗೇಜು ಬಂದಿತು, ಮಸಿಯೂ ಹೋಯಿತು. ಆಷಾಢದ ಗಾಳಿಯ ಕೆಂಧೂಳು ಮಾತ್ರ ಹಾಗೆಯೇ ಉಳಿದಿದೆ. ಇಷ್ಟರಲ್ಲೇ ಎರಡು ತಲೆಮಾರು ಬದುಕಿರಲು, ಬಟ್ಟೆಗೊಂದು ಕೋಣೆಯೇ ಬೇಕೆಂಬುದು ಪಟ್ಟಣದವರ ಮೋಜಲ್ಲದೆ ಮತ್ತೇನೆಂದು ನಾನು ವಾದಿಸಿದೆನು.

ಸೊಸೆ ಮರುಮಾತಾಡಲಿಲ್ಲ. ಮೆಲ್ಲನೆ, “ಅತ್ತೆಯವರ ಬಲಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ, ನೀವು ನೋಡಿದ್ದೀರಾ ಮಾವ?” ಎಂದಳು.

ನೋಡಿದ್ದೆನು. ಅದೇಕೆ ಏಳುವುದಿಲ್ಲವೆಂಬುದೂ ನನಗೆ ಗೊತ್ತಿದ್ದಿತು. ಆ ವರ್ಷ ನಾನು ನಿವೃತ್ತನಾದ ದಿನ ಬೀಳ್ಕೊಡುಗೆಯ ಸಮಾರಂಭಕ್ಕೆ ಹಳೆಯ ಕ್ಲೋಸ್ ಕಾಲರ್ ಕೋಟನ್ನು ಹಾಕಿಕೊಳ್ಳಬೇಕೆಂಬ ಚಾಪಲ್ಯ ನನಗೆ ಹುಟ್ಟಿತು. ಕೋಟು ಅಟ್ಟದ ಟ್ರಂಕಿನಲ್ಲಿತ್ತು. “ಬೇಗ ತೆಗೆದುಕೊಡು, ಹೊತ್ತಾಯಿತು” ಎಂದು ನಾನು ಹಜಾರದಿಂದಲೇ ಕೂಗಿದೆನು. ಆಕೆ ಸ್ಟೂಲು ಹತ್ತಿ ಟ್ರಂಕಿನ ಹಿಡಿಯನ್ನು ಎಳೆದಾಗ ಸ್ಟೂಲು ವಾಲಿ, ಭುಜ ಕೆಳಗಾಗಿ ಬಿದ್ದಳು. “ಏನೂ ಆಗಲಿಲ್ಲ, ನೀವು ಹೊರಡಿ” ಎಂದಳು. ನಾನು ಕೋಟನ್ನು ಹಾಕಿಕೊಂಡು ಹೊರಟೇಬಿಟ್ಟೆನು. ಕೆಲವು ತಿಂಗಳಲ್ಲಿ ಕೀಲು ಬಿಗಿದುಕೊಂಡಿತು. ಬಂದವರು ಕೇಳಿದಾಗಲೆಲ್ಲ ‘ಕಾಲು ಜಾರಿ ಬಿದ್ದಳು’ ಎಂದು ನಾನೇ ಹೇಳುತ್ತ ಬಂದಿದ್ದೆನು. ಏತಕ್ಕಾಗಿ ಹತ್ತಿದ್ದಳೆಂಬುದನ್ನು ಯಾರಿಗೂ ಹೇಳಿರಲಿಲ್ಲ. ಇಲ್ಲಿಯೇ ಮೊದಲ ಬಾರಿಗೆ ಬರೆಯುತ್ತಿದ್ದೇನೆ.

ವಾದ ಅಲ್ಲಿಗೆ ಮುಗಿಯಿತು. ಮಾಡಿಸುವುದೆಂದು ನಿಶ್ಚಯಿಸಿದೆವು.

ನಿಶ್ಚಯಿಸಿದ ಮೇಲೆ ಶಾಸ್ತ್ರಾಧಾರವನ್ನು ಹುಡುಕುವುದು ನನ್ನಂಥವರ ಸ್ವಭಾವ. ವಾರ್ಡ್‌ರೋಬ್ ಎಂಬುದು ಇಂಗ್ಲಿಷಿಗೆ ಫ್ರೆಂಚಿನಿಂದ ಬಂದ ಶಬ್ದ. ಅದರ ಪೂರ್ವಭಾಗಕ್ಕೆ ಕಾಪಾಡುವುದೆಂದೂ ಉತ್ತರಭಾಗಕ್ಕೆ ಉಡುಪೆಂದೂ ಅರ್ಥ. ಮೊದಲಿಗೆ ಅದು ಕಪಾಟಿನ ಹೆಸರಾಗಿರದೆ ಬಟ್ಟೆಯಿಡುವ ಕೋಣೆಯ ಹೆಸರೇ ಆಗಿದ್ದು, ಮರದ ಕಪಾಟಿಗೆ ಆ ಹೆಸರು ಬಂದುದು ಬಹುಕಾಲದ ಮೇಲೆ. ಹಾಗಾದರೆ ಸೊಸೆ ಕೇಳಿದ್ದು ಹೊಸದೇನೂ ಅಲ್ಲ. ನಮ್ಮ ‘ಬೀರು’ವಿನ ಕಥೆ ಇನ್ನೂ ವಿನೋದಕರ. ಅದು ‘ಬ್ಯೂರೋ’ ಎಂಬುದರ ತದ್ಭವ. ಆ ಬ್ಯೂರೋ ಶಬ್ದದ ಮೂಲದಲ್ಲಿರುವುದು, ಬರೆಯುವ ಮೇಜಿನ ಮೇಲೆ ಹಾಸುತ್ತಿದ್ದ ಒಂದು ಬಗೆಯ ಒರಟು ಉಣ್ಣೆಬಟ್ಟೆ. ಬಟ್ಟೆಯೇ ಮೇಜಾಗಿ, ಮೇಜೇ ಕಪಾಟಾಗಿ, ಕೊನೆಗೆ ಬಟ್ಟೆಯನ್ನೇ ತನ್ನೊಳಗೆ ಇಟ್ಟುಕೊಂಡಿತು. ಇನ್ನು ಸಂಸ್ಕೃತದಲ್ಲಿ ‘ವಸ’ ಎಂಬ ಧಾತುವು ಭ್ವಾದಿಗಣದಲ್ಲಿ ವಾಸಮಾಡುವುದೆಂಬ ಅರ್ಥದಲ್ಲಿಯೂ ಅದಾದಿಗಣದಲ್ಲಿ ಉಡುವುದೆಂಬ ಅರ್ಥದಲ್ಲಿಯೂ ಬರುತ್ತದೆ. ವಸತಿಯೂ ವಸ್ತ್ರವೂ ಕಿವಿಗೆ ಒಂದೇ ಧಾತುವಿನಿಂದ ಹುಟ್ಟಿದಂತೆ ಕೇಳುವುದು ಇದರಿಂದಲೇ. ಇದನ್ನೆಲ್ಲ ನಾನು ಉತ್ಸಾಹದಿಂದ ಹೇಳುತ್ತಿರಲು ನನ್ನ ಹೆಂಡತಿ, “ಧಾತು ಇರಲಿ ರೀ, ಜಾಗ ಎಲ್ಲಿ?” ಎಂದಳು.

ಜಾಗವಿದ್ದಿತು. ನಾವು ಮಲಗುವ ಕೋಣೆಯ ಹಿಂದುಗಡೆಗೆ ಕಾಳಿನ ಕೋಣೆಯೊಂದಿದೆ. ತಂದೆಯವರ ಕಾಲದಲ್ಲಿ ರಾಗಿಯ ಚೀಲಗಳೂ ಅವರೆ ತೊಗರಿಗಳೂ ಅಲ್ಲಿರುತ್ತಿದ್ದುವು. ಹೊಲಗಳು ಅಡಕೆಯ ತೋಟವಾದ ಮೇಲೆ ಅದು ಮುರಿದ ಸಾಮಾನುಗಳಿಗೆ ಆಶ್ರಯವಾಗಿದ್ದಿತು. ಉದ್ದ 8 ಅಡಿ, ಅಗಲ 5 ಅಡಿ 6 ಅಂಗುಲ. ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ಮೇಲ್ಗಡೆ ಒಂದು ಬೆಳಕಿಂಡಿ. ಕಾಳು ಕೆಡದಂತೆ ಹಿರಿಯರು ಕಟ್ಟಿದ್ದ ಕೋಣೆಯಲ್ಲಿ ಬಟ್ಟೆಯೂ ಕೆಡಲಾರದೆಂದು ನನಗೆ ತೋರಿತು. ಈ ಊಹೆ ಪೂರ್ಣವಾಗಿ ಸರಿಯಾಗಲಿಲ್ಲವೆಂಬುದನ್ನು ಮುಂದೆ ಹೇಳುವೆನು.

ಬಡಗಿಯನ್ನು ಕರೆಸಿ, ಅಳತೆಯ ಟೇಪನ್ನು ಕೈಗೆ ಕೊಟ್ಟೆನು. ಆತನು ಅದನ್ನು ಕೆಳಗಿಟ್ಟು, “ಮೇಷ್ಟ್ರೇ, ಗೋಡೆ ಎಲ್ಲಿಗೂ ಓಡಿಹೋಗಲ್ಲ. ಮೊದಲು ಬಟ್ಟೆ ಹೊರಗೆ ತೆಗೆಸಿ” ಎಂದನು. ಇಡೀ ಕಾರ್ಯದಲ್ಲಿ ನಾನು ಕೇಳಿದ ಅತ್ಯಂತ ವಿವೇಕದ ಮಾತು ಅದು. ಮಾರನೆಯ ಭಾನುವಾರ ಮನೆಯಲ್ಲಿದ್ದ ಸಮಸ್ತ ಬಟ್ಟೆಯೂ ನಡುಮನೆಯ ಚಾಪೆಗಳ ಮೇಲೆ ಬಂದು ಕುಳಿತಿತು. ನಾನು ಹಾಜರಿ ಪುಸ್ತಕದ ಮಾದರಿಯಲ್ಲಿ ಪಟ್ಟಿ ಬರೆಯತೊಡಗಿದೆನು.

ನನ್ನ ಕಡೆಗೆ ಷರ್ಟು 24, ಪಂಚೆ 16, ಕೋಟು 3, ಜುಬ್ಬ 9. ಆಮೇಲೆ ಶಾಲುಗಳು. ಕರ್ಣಾಟಕದಲ್ಲಿ ಮೇಷ್ಟ್ರಾಗಿ ನಿವೃತ್ತನಾದವನಿಗೆ ಮತ್ತೇನಿಲ್ಲದಿದ್ದರೂ ಶಾಲುಗಳಿಗೆ ಕೊರತೆಯಿಲ್ಲ. ಗಣಪತಿ ಉತ್ಸವಕ್ಕೊಂದು, ರಾಜ್ಯೋತ್ಸವಕ್ಕೊಂದು, ಹಳೆಯ ವಿದ್ಯಾರ್ಥಿಗಳಿಂದ ಒಂದು. ಅದರೊಡನೆ ಮೈಸೂರು ಪೇಟ, ಗಂಧದ ಹಾರ. ಎಣಿಸಿದರೆ 29 ಶಾಲು, 11 ಪೇಟ! ಉಕ್ಕಿನ ಬೀರುವಿನ ಎರಡು ಅಂತಸ್ತುಗಳನ್ನು ನನ್ನ ಕೀರ್ತಿಯೇ ಆಕ್ರಮಿಸಿಕೊಂಡಿದ್ದಿತು. “ಹೊದ್ದರೆ ಚಳಿ ಹೋಗಲ್ಲ, ಒರೆಸಿದರೆ ನೀರು ಹೀರಲ್ಲ” ಎಂದು ನನ್ನ ಹೆಂಡತಿ ಅವುಗಳ ಗುಣವನ್ನು ಒಂದೇ ವಾಕ್ಯದಲ್ಲಿ ನಿರ್ಣಯಿಸಿದಳು.

ಆಕೆಯ ಕಡೆಗೆ ದಿನ ಉಡುವ ಸೀರೆ 19, ಹೊರಗೆ ಹೋಗುವಾಗಿನವು 12, ರೇಷ್ಮೆ 5. ರೇಷ್ಮೆಯೆಲ್ಲ ಒಂದೇ ಟ್ರಂಕಿನಲ್ಲಿ, ಅಟ್ಟದ ಮೇಲೆ. ಉಳಿದುವು ಬೀರುವಿನ ಕೆಳಗಿನ ಒಂದು ಅಂತಸ್ತಿನಲ್ಲಿ ಒತ್ತಿ ಒತ್ತಿ ತುಂಬಿದ್ದುವು. ಬೀರುವನ್ನು ಅಳೆದೆನು. ಐದು ಅಂತಸ್ತುಗಳಲ್ಲಿ ನಾಲ್ಕು ನನ್ನವು. ಬಟ್ಟೆಯಾದರೂ, ಶಾಲನ್ನು ಬಿಟ್ಟರೆ, ಆಕೆಯದೂ ನನ್ನದಕ್ಕೆ ಕಡಮೆಯೇನೂ ಇರಲಿಲ್ಲ. ಮೂವತ್ತು ವರ್ಷಗಳ ಸಂಸಾರದಲ್ಲಿ ಈ ಹಂಚಿಕೆಯನ್ನು ಯಾರು ಮಾಡಿದರು? ನಾನು ಮಾಡಲಿಲ್ಲ, ಆಕೆಯೂ ಮಾಡಿಕೊಳ್ಳಲಿಲ್ಲ, ತಾನಾಗಿಯೇ ಆಯಿತು. ತಾನಾಗಿಯೇ ಆದುದೆಲ್ಲ ನನ್ನ ಕಡೆಗೇ ವಾಲಿದ್ದಿತೆಂಬುದನ್ನು ಟೇಪು ಹಿಡಿದ ಮೇಲೆ ಕಂಡೆನು.

ಟ್ರಂಕನ್ನು ತೆರೆದಾಗ ನ್ಯಾಫ್ತಲೀನ್ ಗುಳಿಗೆಯ ವಾಸನೆ ಮನೆಯೆಲ್ಲ ತುಂಬಿತು. ಎಲ್ಲಕ್ಕಿಂತ ಅಡಿಯಲ್ಲಿ ಧಾರೆಯ ಸೀರೆ. ಆಕೆ ಅದನ್ನು ಎಡಗೈಯಿಂದ ಎತ್ತಿ, ಮಡಿಕೆಯನ್ನು ಬಿಡಿಸಿದಳು. ಬಟ್ಟೆ ಮಡಿಕೆಯ ಗೆರೆಯುದ್ದಕ್ಕೂ ಸದ್ದಿಲ್ಲದೆ ಒಡೆಯಿತು. ಒಂದು ಕಡೆಯಲ್ಲ, ಮಡಿಸಿದ್ದ ಕಡೆಯಲ್ಲೆಲ್ಲ. ಗುಳಿಗೆ ತಾಗಿದ್ದ ಕಡೆ ಜರಿ ಕಪ್ಪಾಗಿದ್ದಿತು. ಆಕೆ ಏನೂ ಹೇಳದೆ ಅದನ್ನು ಹಿಂದಿನ ಗೆರೆಗಳ ಮೇಲೆಯೇ ಮತ್ತೆ ಮಡಿಸಿ ತೊಡೆಯ ಮೇಲಿಟ್ಟುಕೊಂಡಳು. “ಎಷ್ಟು ವರ್ಷವಾಯಿತು ಇದನ್ನು ತೆಗೆದು?” ಎಂದೆನು. “ಅಟ್ಟದ ಮೇಲಿತ್ತಲ್ಲ” ಎಂದಳು. ಅಷ್ಟೇ ಉತ್ತರ.

ರೇಷ್ಮೆಯ ವಿಚಾರವಾಗಿ ಆ ಬಳಿಕ ತಿಳಿದವರನ್ನು ಕೇಳಿದೆನು. ನಮ್ಮ ಜಿಲ್ಲೆಯ ಮೊಳಕಾಲ್ಮೂರಿನಲ್ಲಿಯೇ ರೇಷ್ಮೆಯ ಮಗ್ಗಗಳಿವೆಯಷ್ಟೆ. ಅಲ್ಲಿಯ ನೇಯ್ಗೆಯವರೊಬ್ಬರು ಹೇಳಿದ್ದು ಇದು: ಭಾರವಾದ ಜರಿಯ ಸೀರೆಯನ್ನು ತೂಗಹಾಕಬಾರದು, ಅದರ ಭಾರಕ್ಕೆ ಅದೇ ಜಗ್ಗುತ್ತದೆ. ತೆಳ್ಳನೆಯ ಹತ್ತಿಯ ಬಟ್ಟೆಯಲ್ಲಿ ಸುತ್ತಿ ಮಟ್ಟಸವಾಗಿ ಮಲಗಿಸಬೇಕು. ಮೂರು ನಾಲ್ಕು ತಿಂಗಳಿಗೊಮ್ಮೆ ತೆಗೆದು, ನೆರಳಿನಲ್ಲಿ ಗಾಳಿಯಾಡಿಸಿ, ಬೇರೆ ಗೆರೆಯ ಮೇಲೆ ಮಡಿಸಬೇಕು. ಗುಳಿಗೆ ಜರಿಗೆ ತಾಗಲೇಬಾರದು. ಅಂದಮೇಲೆ ರೇಷ್ಮೆಯ ಸ್ಥಾನ ಯಾವುದು? ಮೂರು ತಿಂಗಳಿಗೊಮ್ಮೆ ಕೈಗೆ ಸಿಕ್ಕಲೇಬೇಕಾದ ಸ್ಥಾನ. ಬೆಲೆಬಾಳುವುದೆಂದು ಅದನ್ನು ಎತ್ತರದಲ್ಲಿಡುವ ನಮ್ಮ ರೂಢಿಯೇ ಅದಕ್ಕೆ ಮೃತ್ಯುವಾಯಿತು.

ಬಡಗಿಯು ಮೊದಲು ಹೇಳಿದ ಯೋಜನೆಯಲ್ಲಿ ಎರಡು ಕಡೆಗೂ 2 ಅಡಿ ಆಳದ ಕಪಾಟು. ಹ್ಯಾಂಗರಿಗೆ ತೂಗಿದ ಬಟ್ಟೆಗೆ 2 ಅಡಿಯ ಆಳ ಬೇಕೆಂಬುದು ನಿಜ. ಕಡಮೆಯಾದರೆ ತೋಳುಗಳು ಗೋಡೆಗೆ ಉಜ್ಜುತ್ತವೆ. ನಾನು ಸೀಮೆಸುಣ್ಣವನ್ನು ತೆಗೆದುಕೊಂಡು ಕೋಣೆಯ ಕಲ್ಲುಹಾಸಿನ ಮೇಲೆ ಆ ಯೋಜನೆಯನ್ನು ಪೂರ್ಣಪ್ರಮಾಣದಲ್ಲಿ ಬರೆದೆನು. ಸೀಮೆಸುಣ್ಣ ಕೈಗೆ ಬಂದೊಡನೆ ಎಷ್ಟೋ ತಿಂಗಳ ಮೇಲೆ ಬೆರಳಿಗೆ ಸಮಾಧಾನವಾಯಿತೆಂಬುದನ್ನೂ ಹೇಳಿಬಿಡುವೆನು. ನಡುವೆ ಉಳಿದ ದಾರಿ 18 ಅಂಗುಲ. ಒಗೆದ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ನನ್ನ ಹೆಂಡತಿ ಆ ಗೆರೆಗಳ ನಡುವೆ ನಡೆದಳು. ನಡೆದಳೆನ್ನುವುದಕ್ಕಿಂತ ಸಿಕ್ಕಿಕೊಂಡಳೆನ್ನಬೇಕು, ತಿರುಗುವುದಕ್ಕೇ ಆಗಲಿಲ್ಲ. ಗೆರೆಯನ್ನು ಅಳಿಸಿದೆವು. ತೂಗುವ ಬಟ್ಟೆಗೆ ಒಂದೇ ಕಡೆ 2 ಅಡಿ. ಮಡಿಸಿದ ಸೀರೆಗೆ 14 ಅಂಗುಲದ ಹಲಗೆ ಸಾಕಾದುದರಿಂದ ಎದುರುಗಡೆ ಅಷ್ಟೇ. ನಡುವೆ 2 ಅಡಿ 4 ಅಂಗುಲದ ದಾರಿ ಸಿಕ್ಕಿತು. ಆ ದಾರಿಗೆ ನೇರವಾಗಿಯೇ ಮಲಗುವ ಕೋಣೆಯಿಂದ ಗೋಡೆಯನ್ನು ಒಡೆದು ಬಾಗಿಲಿಡಿಸಿದೆವು. ಬಾಗಿಲು ಒಳಕ್ಕೆ ತೆರೆದರೆ ದಾರಿಯನ್ನೇ ನುಂಗುತ್ತದೆ. ಆದ್ದರಿಂದ ಹೊರಕ್ಕೆ ತೆರೆಯುವಂತೆ ಮಾಡಿಸಿದ್ದಾಯಿತು. ನಡುಮನೆಯ ಕಡೆಗಿದ್ದ ಹಳೆಯ ಬಾಗಿಲನ್ನು ಮುಚ್ಚಿಸಿ, ಅಲ್ಲಿ ಒಂದು ನಿಲುವುಗನ್ನಡಿಯನ್ನು ನಿಲ್ಲಿಸಿದೆವು. ಪೀಠ ಮಾಡಿಸಲಿಲ್ಲ.

ಎತ್ತರದ ವಿಚಾರದಲ್ಲಿ ನಾನು ಹಟಮಾಡಿದೆನು. ಆಕೆಯನ್ನು ಗೋಡೆಗೆ ಒರಗಿ ನಿಲ್ಲಿಸಿ, ನೋವಿಲ್ಲದೆ ಕೈ ಎಷ್ಟು ಏಳುವುದೋ ಅಲ್ಲಿ ಸೀಮೆಸುಣ್ಣದಿಂದ ಗುರುತುಮಾಡಿದೆನು. ನೆಲದಿಂದ 4 ಅಡಿ. ಬಗ್ಗದೆ ಕೈ ಇಳಿಯುವುದು 2 ಅಡಿಯವರೆಗೆ. ಈ ಎರಡು ಗೆರೆಗಳ ನಡುವಿನ ಸಮಸ್ತ ಭೂಮಿಯೂ ಆಕೆಯದೆಂದು ಬಡಗಿಗೆ ಹೇಳಿದೆನು. ನಾಲ್ಕು ಮಡಿಕೆ ಮಾಡಿ ತೂಗಿದ ಸೀರೆ ಸುಮಾರು ಎರಡೂಕಾಲು ಅಡಿ ಇಳಿಯುತ್ತದೆ. ಆದ್ದರಿಂದ ಸರಳನ್ನು 4 ಅಡಿಯಲ್ಲಿ ಹಾಕಿದರೂ ಕೆಳಗೆ ಒಂದು ಸೆಳೆಗೂಡಿಗೆ ಸ್ಥಳ ಉಳಿಯಿತು. ಅದರಲ್ಲಿ ನನ್ನ ಪಂಚೆಗಳು. ನನಗೆ ಬಗ್ಗಲು ಬರುತ್ತದೆ. ನನ್ನ ಷರ್ಟುಗಳ ಸರಳು 7 ಅಡಿಯಲ್ಲಿ. ಅಷ್ಟು ಎತ್ತರವನ್ನು ದಿನವೂ ಎಟುಕಿಸುವುದು ಹೇಗೆಂದು ಬಡಗಿ ಸಂದೇಹಪಟ್ಟಾಗ, ಅಟ್ಟದಲ್ಲಿ ಟ್ರಂಕಿನ ಹಿಂದೆ ಸಿಕ್ಕಿದ್ದ ತಾಯಿಯವರ ಮಡಿಬಟ್ಟೆಯ ಕೋಲನ್ನು ತಂದು ತೋರಿಸಿದೆನು. ಈಗ ಪ್ರತಿದಿನವೂ ಷರ್ಟನ್ನು ಕೋಲಿನಿಂದ ಇಳಿಸುತ್ತೇನೆ. ನನ್ನ ಷರ್ಟುಗಳಿಗೆ ಇಷ್ಟು ಮಡಿ ಪ್ರಾಪ್ತವಾದುದು ಇದೇ ಮೊದಲು.

ಎದುರಿನ ಹಲಗೆಗಳಿಗೆ ಮರವೋ ಕಲ್ಲೋ ಎಂಬ ಚರ್ಚೆ ಒಂದು ವಾರ ನಡೆಯಿತು. ಮಣ್ಣಿನ ಗೋಡೆಗೆ ತಾಗಿದ ಮರವನ್ನು ಗೆದ್ದಲು ಬಿಡುವುದಿಲ್ಲವೆಂದು ಕಡಪಾ ಕಲ್ಲನ್ನೇ ಹಾಕಿಸಿದೆವು. ಅದು ತಣ್ಣಗಿರುವುದರಿಂದ ಮೇಲೆ ಹತ್ತಿಯ ಬಟ್ಟೆ ಹಾಸಿದ್ದೇವೆ. ಒಂದರ ಮೇಲೊಂದು ಐದು ಸೀರೆಗಿಂತ ಹೆಚ್ಚಿಡಬಾರದೆಂದು ಹಲಗೆಗಳ ಅಂತರವನ್ನು 10 ಅಂಗುಲಕ್ಕೆ ನಿಲ್ಲಿಸಿದೆವು. ಅಂತರ ಹೆಚ್ಚಾದರೆ ರಾಶಿ ಬೆಳೆಯುತ್ತದೆ, ರಾಶಿ ಬೆಳೆದರೆ ಅಡಿಯದು ಮರೆತುಹೋಗುತ್ತದೆ.

ಒಂದು ಸಂಗತಿ ಸೊಸೆಯ ಚಿತ್ರಗಳಲ್ಲಿಯೂ ಇರಲಿಲ್ಲ, ಬಡಗಿಗೂ ಹೊಳೆಯಲಿಲ್ಲ. “ಒಂದು ಸಲ ಉಟ್ಟು ಬಿಟ್ಟದ್ದು, ಆದರೆ ಇನ್ನೂ ಒಗೆಯುವ ಹಾಗಾಗಿಲ್ಲ, ಅದಕ್ಕೆಲ್ಲಿ ಜಾಗ?” ಎಂದು ನನ್ನ ಹೆಂಡತಿ ಕೇಳಿದಳು. ನಿಜವಷ್ಟೆ. ಲೋಕದ ಎಲ್ಲ ಮನೆಗಳ ಕುರ್ಚಿಯ ಬೆನ್ನಿನ ಮೇಲೂ ಮಂಚದ ಕಾಲಿನ ಮೇಲೂ ಇರುವುದು ಇಂಥ ಬಟ್ಟೆಗಳೇ. ಒಗೆದುದರೊಡನೆ ಅವನ್ನು ಸೇರಿಸಿದರೆ ಬೆವರಿನ ವಾಸನೆಗೆ ಹುಳು ಬರುತ್ತದೆ. ಬಾಗಿಲಿನ ಪಕ್ಕದ ಗೋಡೆಯಲ್ಲಿ ಹಳೆಯ ಕಾಲದ ನಾಲ್ಕು ಗೂಟಗಳಿದ್ದುವು, ಹಿಂದೆ ಜರಡಿ ಮೊರಗಳನ್ನು ತೂಗುತ್ತಿದ್ದುವು. ಬಡಗಿ ಅವನ್ನು ಕೀಳಲು ಹೊರಟಿದ್ದನು. ಆಕೆ ತಡೆದು, ಅವುಗಳನ್ನೇ ಆ ಕೆಲಸಕ್ಕೆ ನೇಮಿಸಿದಳು.

ಹುಳುವಿನ ಮಾತು ಬಂದುದರಿಂದ ಇನ್ನೆರಡು ಮಾತು. ಉಣ್ಣೆಯನ್ನೂ ರೇಷ್ಮೆಯನ್ನೂ ತಿನ್ನುವುದು ಹಾರಾಡುವ ಚಿಟ್ಟೆಯಲ್ಲ, ಅದರ ಮರಿಹುಳು. ಕತ್ತಲೆಯಲ್ಲಿ, ಅಲುಗಾಡದೆ ಬಿದ್ದಿರುವ ಬಟ್ಟೆಯೇ ಅದಕ್ಕೆ ಪ್ರಿಯ. ನಮ್ಮಲ್ಲಿ ಚಳ್ಳಕೆರೆಯ ಕರಿಯ ಕಂಬಳಿ ಒಂದಿದೆ, ತಂದೆಯವರದು. ಹುಣಿಸೆಬೀಜದ ಗಂಜಿ ಹಾಕಿ ನೇಯ್ದ ಅದರ ಗಡಸು ಇಂದಿಗೂ ಹೋಗಿಲ್ಲ. ಅದನ್ನು ಬಿಸಿಲಿಗೆ ಹಾಕಿ, ಕೊಡವಿ, ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಇಟ್ಟಿದ್ದೇವೆ. ಬೇವಿನೆಲೆಯನ್ನೂ ಹಾಕಿದ್ದೇವೆ, ಆದರೆ ನನ್ನ ನಂಬಿಕೆ ಎಲೆಗಿಂತ ಬಿಸಿಲಿನ ಮೇಲೆ ಹೆಚ್ಚು. ಬಹುಕಾಲ ಎತ್ತಿಡುವ ಹತ್ತಿಯ ಬಟ್ಟೆಗೆ ಗಂಜಿ ಹಾಕಬಾರದು, ಗಂಜಿಯೇ ಹುಳುವಿಗೆ ಊಟ.

ಶಾಲುಗಳ ಗತಿಯೇನಾಯಿತೆಂದು ವಾಚಕರು ಕೇಳಬಹುದು. ಮೂರನ್ನು ಇಟ್ಟುಕೊಂಡೆನು, ಕೊಟ್ಟವರ ಕೈ ನೆನಪಿರುವಂಥವು. ಕೆಲವನ್ನು ಬೇಡಿದವರಿಗೆ ಕೊಟ್ಟೆವು. ಉಳಿದುವುಗಳನ್ನು ನನ್ನ ಹೆಂಡತಿ ಕತ್ತರಿಸಿ, ತೂಗಿದ ಸೀರೆಗಳ ಹೆಗಲಿಗೆ ಧೂಳು ಕೂರದಂತೆ ಹೊದಿಕೆಗಳನ್ನು ಹೊಲಿಸಿದಳು. ಆಷಾಢದ ಧೂಳು ಈಗ ನನ್ನ ಸನ್ಮಾನಗಳ ಮೇಲೆ ಕೂರುತ್ತದೆ.

ನಾನು ತಪ್ಪಿದ್ದು ಗಾಳಿಯ ವಿಷಯದಲ್ಲಿ. ಧೂಳಿಗೆ ಹೆದರಿ ಬೆಳಕಿಂಡಿಗೆ ಗಾಜು ಹಾಕಿಸಿ, ಬಾಗಿಲಿನ ಕೆಳಗೆ ಸಂದಿಲ್ಲದಂತೆ ಬಿಗಿಮಾಡಿಸಿದ್ದೆನು. ಮೊದಲ ಮಳೆಗಾಲದಲ್ಲಿ ಹದಿನೈದು ದಿನ ಬಾಗಿಲು ಮುಚ್ಚಿ ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಕೋಣೆ ಮುಗ್ಗಲು ನಾತ ಹೊಡೆಯುತ್ತಿದ್ದಿತು. ಚರ್ಮದ ಪಟ್ಟಿಯ ಮೇಲೆ ಬೂಷ್ಟು. ರಾಗಿಯನ್ನು ಕಾಪಾಡಿದ ಕೋಣೆ ಬಟ್ಟೆಯನ್ನೇಕೆ ಕಾಪಾಡಲಿಲ್ಲ? ರಾಗಿಯ ಕಾಲದಲ್ಲಿ ಆ ಬೆಳಕಿಂಡಿ ತೆರೆದೇ ಇತ್ತು, ಅಷ್ಟೆ. ಗಾಜನ್ನು ತೆಗೆಸಿ ಸಣ್ಣ ಕಣ್ಣಿನ ಜಾಲರಿ ಹಾಕಿಸಿದೆನು. ಬಾಗಿಲಿನ ಕೆಳಗೆ ಒಂದು ಅಂಗುಲ ಕೊಯ್ಯಿಸಿದೆನು. ಕೆಳಗಿನಿಂದ ಹೊಕ್ಕ ಗಾಳಿ ಮೇಲಿನಿಂದ ಹೊರಡುತ್ತದೆ. ಆ ಬಳಿಕ ನಾತವಿಲ್ಲ.

ಒಡೆದ ಧಾರೆಯ ಸೀರೆಯನ್ನು ಸರಿಪಡಿಸುವ ಉಪಾಯವಿರಲಿಲ್ಲ. ಅಂಚನ್ನೂ ಸೆರಗನ್ನೂ ಬಿಡಿಸಿ ಬೇರೆ ಬಟ್ಟೆಗೆ ಹಾಕಿಸಬಹುದೆಂದು ಸೊಸೆ ಹೇಳಿದಳು. ನನ್ನ ಹೆಂಡತಿ ಇನ್ನೂ ಒಪ್ಪಿಲ್ಲ. ಅದು ನಾಲ್ಕು ಅಡಿಯ ಗೆರೆಯ ಕೆಳಗೆ, ಹತ್ತಿಯ ಬಟ್ಟೆಯೊಳಗೆ ಮಲಗಿದೆ. ಮೂರು ತಿಂಗಳಿಗೊಮ್ಮೆ ಆಕೆ ತೆಗೆದು ನೋಡಿ ಇಡುತ್ತಾಳೆ. ಟ್ರಂಕು ಅಟ್ಟದಿಂದ ಇಳಿದು, ನನ್ನ ಪುಸ್ತಕಗಳನ್ನು ತುಂಬಿಕೊಂಡು, ಮಂಚದ ಕೆಳಗಿದೆ. ಕೋಟನ್ನು ನಾನು ಮತ್ತೆ ಹಾಕಿಕೊಂಡಿಲ್ಲ.

ಮೊನ್ನೆ ರಾತ್ರಿ ಮಳೆಗಾಳಿಗೆ ಕರೆಂಟು ಹೋಯಿತು. ಹುಬ್ಬಳ್ಳಿಯ ಕಡೆಯ ಗಾಡಿ ಹೋದ ಸದ್ದು ಕೇಳಿ ಎಚ್ಚರವಾದಾಗ ಇಬ್ಬರಿಗೂ ಚಳಿ. ನಾನು ದಿಂಬಿನ ಕೆಳಗೆ ಟಾರ್ಚನ್ನು ತಡಕುತ್ತಿದ್ದೆನು. ಆಕೆ ಎದ್ದು, ಕತ್ತಲೆಯಲ್ಲಿಯೇ ಒಳಕ್ಕೆ ಹೋಗಿ, ತನ್ನದೊಂದು ಹೊದಿಕೆಯನ್ನೂ ನನ್ನದೊಂದು ಶಾಲನ್ನೂ ಬಲಗೈಯಲ್ಲಿಯೇ ತೆಗೆದುಕೊಂಡು ಬಂದಳು. “ಇದು ಯಾವ ಸನ್ಮಾನದ್ದೋ ಗೊತ್ತಿಲ್ಲ, ಹೊದ್ದುಕೊಳ್ಳಿ” ಎಂದಳು.